ಹೆಸರಿಟ್ಟವನ ಕೈಗೆ ಸೌಟು

ನನ್ನ ರೂಮ್‌ಮೇಟ್ ಮಿನಿಸ್ಟರ್ ಆಗಿದ್ದಾನೆ. ಇಲ್ಲಲ್ಲ, ಇಲ್ಲಿ ಅಲ್ಲ, ಆಫ್ರಿಕಾದಲ್ಲಿ.

ಮೊನ್ನೆ ಸಂತೆಯ ದಿನ ಹುಕ್ಕೇರಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಪೇಪರ್ ತಿರುವಿದೆ. ಒಳಪುಟದಲ್ಲಿ ಬೆರಳುದ್ದದ ಸುದ್ದಿ, ಮೇಲೊಂದು ಫೋಟೋ. ಅದೇ ಅಗಲ ಹಣೆ, ಅದೇ ನಗು. ಜೋಸೆಫ್! ಪುಣೆಯ ಹಾಸ್ಟೆಲ್ಲಿನಲ್ಲಿ ನನ್ನ ಪಕ್ಕದ ಕಾಟಿನ ಮೇಲೆ ಮಲಗುತ್ತಿದ್ದವನು. (ದೇಶದ ಹೆಸರು ಬರೆಯುವುದಿಲ್ಲ. ಬರೆದರೆ ನೀವು ನಕಾಶೆ ತೆಗೆದು ಅದೆಷ್ಟು ದೊಡ್ಡದು ಅಂತ ನೋಡುತ್ತೀರಿ. ನಾನು ನೋಡಿದ್ದೇನೆ. ದೊಡ್ಡದೇ ಇದೆ.)

ಅವನು ಮರಳಿ ಹೋದ ಮೇಲಿನ ಕಥೆ ನನಗೆ ಬಿಡಿಬಿಡಿಯಾಗಿ ಗೊತ್ತು. ದೇಶ ಸ್ವತಂತ್ರವಾಯಿತು. ಇವನು ವಿರೋಧ ಪಕ್ಷದಿಂದ ಆರಿಸಿ ಬಂದ. ಪಾರ್ಲಿಮೆಂಟಿನಲ್ಲಿ ರಸ್ತೆಗಳ ಬಗ್ಗೆ ಕೂಗಾಡಿದ. ಮಳೆ ಬಿದ್ದರೆ ಹಳ್ಳಿಯ ಬಸುರಿ ಆಸ್ಪತ್ರೆ ಮುಟ್ಟುವುದಿಲ್ಲ ಎಂದ. ಕೆಲಕಾಲ ಜೈಲಿನಲ್ಲೂ ಇದ್ದ. ಆಗೆಲ್ಲ ನಾನು ಇದೇ ಅಂಕಣದಲ್ಲಿ ಅವನನ್ನು ಹೊಗಳಿದ್ದೆ, ನೆನಪಿದೆಯಲ್ಲ? (ನನಗೆ ಸರಿಯಾಗಿ ನೆನಪಿಲ್ಲ. ಹೊಗಳಿರಬೇಕು.) ಈಗ ಅವನು ಬೈದ ಪ್ರಧಾನಿಯೇ ಅವನನ್ನು ಕರೆದು ಮಂತ್ರಿ ಮಾಡಿದ್ದಾನೆ. ಯಾವ ಖಾತೆ? ರಸ್ತೆ.

ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ? ಕಾಲೇಜಿನ ಡಿಬೇಟಿನಲ್ಲಿ ಮೊದಲ ಬಹುಮಾನ ನನ್ನದು, ಎರಡನೆಯದು ಅವನದು. ಹುಕ್ಕೇರಿಯಿಂದ ನಮ್ಮ ಘೋಡಗೇರಿಗೆ ಹೋಗುವ ರಸ್ತೆಯ ಬಗ್ಗೆ ನಾನೂ ಕೂಗುತ್ತಲೇ ಬಂದಿದ್ದೇನೆ. ನನಗೆ ಜೈಲೂ ಇಲ್ಲ, ಖಾತೆಯೂ ಇಲ್ಲ!

ಅಂದೇ ಕೂತು ಅಂಕಣ ಬರೆದೆ. ಪಕ್ಷ ಬಿಟ್ಟವನು, ಕುರ್ಚಿಗೆ ಸೋತವನು, ಎಲ್ಲ ಬರೆದೆ. ಸಾಕ್ಷಿಗೆ ಒಂದು ಹಳೆಯ ಘಟನೆಯೂ ಸಿಕ್ಕಿತು.

ಒಂದು ರಜೆಯಲ್ಲಿ ಅವನನ್ನು ಘೋಡಗೇರಿಗೆ ಕರೆತಂದಿದ್ದೆ. ಗೋಕಾಕ ಫಾಲ್ಸ್ ತೋರಿಸಿದೆ. ಊರವರು ಅವನನ್ನು ಜೋಸೆಪ್ಪ ಮಾಡಿದರು. ಅದೇ ವಾರ ಊರೂಟವಿತ್ತು: ಗೋಧಿ ಹುಗ್ಗಿ, ಅನ್ನ, ಸಾರು. ಊರೂಟಕ್ಕೊಂದು ರೂಢಿ. ಪಂಕ್ತಿಯಲ್ಲಿ ಕೂತವನು ಅಡಿಗೆಯಲ್ಲಿ ಕೊರತೆ ಹೇಳಿದನೋ, ನಮ್ಮ ಮಾತಿನಲ್ಲಿ ಹೆಸರಿಟ್ಟನೋ, ಮುಗಿಯಿತು. ಅಡಿಗೆಯ ಬಾಳಪ್ಪ ಕಾಕಾ ಸೌಟು ತಂದು ಅವನ ಮುಂದೆಯೇ ಹಿಡಿಯುತ್ತಿದ್ದ. "ಹೆಸರ ಇಟ್ಟಾಂವ ಸೌಟ ಹಿಡೀಬೇಕು." ಅವನು ಎದ್ದು, ಕೊಪ್ಪರಿಗೆಯ ಸಾರು ಸರಿ ಮಾಡಿ, ಎಲ್ಲರಿಗೂ ಬಡಿಸಿ, ಕೊನೆಗೆ ತಾನು ಉಣ್ಣಬೇಕು.

ಸಾರಿಗೆ ಉಪ್ಪು ಕಡಿಮೆ ಎಂದು ಜೋಸೆಫ್ ಇಂಗ್ಲಿಷಿನಲ್ಲಿ ಅಂದ. ನಾನು ಕನ್ನಡದಲ್ಲಿ ಹೇಳಿದೆ. ಸೌಟು ಅವನ ಕೈಗೆ ಹೋಯಿತು. ಹೀಗೆ ನನ್ನ ನೆನಪು. 'ಸೌಟು ಕಂಡರೆ ಕೈಚಾಚುವುದು ಇವನ ಹುಟ್ಟುಗುಣ' ಎಂದು ಬರೆದು ಲೇಖನ ಮುಗಿಸಿದೆ. ಒಳ್ಳೆಯ ವಾಕ್ಯ, ಅಲ್ಲವೇ?

ಆದರೆ ನನ್ನ ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ಭಾನುವಾರ ಊರಿಗೆ ಹೋಗಿ, ಅಣ್ಣನ ಹೆಂಡತಿ, ನಮ್ಮ ವೈನಿಗೆ ಪೇಪರ್ ತೋರಿಸಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈ ಮೇಲೆತ್ತಿ ನೋಡಿದರು.

"ಅಯ್ಯ, ನಮ್ಮ ಜೋಸೆಪ್ಪ. ಮೈ ತುಂಬ್ಯಾನ ನೋಡು."

(ನಮ್ಮ ಜೋಸೆಪ್ಪ! ನನ್ನ ಹೆಸರು ವಾರವಾರ ಅಚ್ಚಾಗುತ್ತದೆ. ಆ ಪೇಪರಿನಲ್ಲಿ ಅವರು ಬುತ್ತಿ ಕಟ್ಟುತ್ತಾರೆ.)

ಉಪ್ಪಿನ ವಿಷಯ ಕೇಳಿದೆ.

"ಉಪ್ಪಿಲ್ಲ ಅಂದಾಂವ ನೀ, ತಮ್ಮಾ. ಕಾಕಾ ಸೌಟ ಹಿಡಕೊಂಡ ನಿನ್ನ ಮುಂದ ಬಂದ ನಿಂತಾ. ನೀ ನಕ್ಕೋತ ಅನ್ನ ಕಲಸಾಕತ್ತಿದ್ದಿ. ಮುದುಕನ ಕೈ ಹಂಗ ಚಾಚಿತ್ತು. ಅದನ್ನ ನೋಡಿ ಜೋಸೆಪ್ಪ ಎದ್ದಾ."

"ಖರೇನ್ರಿ ವೈನಿ?"

"ಸಾರು ಚೆಲ್ಲಿದ್ದ ಅವನ ಬಿಳಿ ಅಂಗಿ ಒಗದಾಕಿ ನಾನು. ಅರಿಷಿಣದ ಕಲಿ ಹೋಗಲೇ ಇಲ್ಲ."

ಅದರ ಮರುವರ್ಷದ ಊರೂಟಕ್ಕೆ ಜೋಸೆಪ್ಪ ಬರುತ್ತಾನೇನು ಎಂದು ಊರೆಲ್ಲ ಕೇಳಿತ್ತಂತೆ. ನಾನು ಬರುತ್ತೇನೋ ಇಲ್ಲವೋ ಎಂದು ಯಾರಾದರೂ ಕೇಳಿದ್ದರೇ? ಅದನ್ನು ವೈನಿ ಹೇಳಲಿಲ್ಲ. ನಾನೂ ಕೇಳಲಿಲ್ಲ.

ನನಗೆ ಈಗಲೂ ಅನುಮಾನವೇ. ವೈನಿಯ ನೆನಪೇನು ಶಿಲಾಶಾಸನವೇ? ಆದರೂ ಆ ಒಳ್ಳೆಯ ವಾಕ್ಯವನ್ನು ಹೊಡೆದುಹಾಕಿದೆ. ಅದು ಹೋದ ಮೇಲೆ ಉಳಿದ ಲೇಖನ ಬರೀ ಉರಿ ಅಂತ ಕಂಡಿತು. ಹರಿದೆ. ಅದರ ಬದಲು ಇದು.

ಮರಳುವಾಗ ಬಸ್ಸು ಹಳೆಯ ತಗ್ಗಿನಲ್ಲೇ ಕುಕ್ಕಿತು. ಪಕ್ಕದಲ್ಲಿದ್ದ ಮೂಡಲಗಿಯ ಬೆಲ್ಲದ ವ್ಯಾಪಾರಿ ನನ್ನ ಗುರುತು ಹಿಡಿದ. "ಈ ರಸ್ತಾದ ಮ್ಯಾಲ ಭಾಳ ಚಲೋ ಬರೀತೀರಿ. ಹಿಂಗ ಬರಕೋತ ಇರ್ರಿ."

ಹೊಗಳಿದನೋ, ಶಾಪ ಹಾಕಿದನೋ?

ಬಾಳಪ್ಪ ಕಾಕಾ ತೀರಿಕೊಂಡು ವರ್ಷಗಳಾದವು. ಈಗ ನಾನು ಎಷ್ಟು ಕೂಗಿದರೂ ಸೌಟು ಹಿಡಿದುಕೊಂಡು ಒಬ್ಬರೂ ನನ್ನೆದುರು ಬಂದು ನಿಲ್ಲುವುದಿಲ್ಲವಲ್ಲ, ಯಾಕೆ?