ಮೇಕಿಂಗ್ ಅಷ್ಟ ಸಾಕ್ರಿ

ನಾನು ಬಾಗಲಗುಂಟೆಯಲ್ಲಿ ಡಿವಿಡಿ ಬಾಡಿಗೆ ಅಂಗಡಿ ಇಟ್ಟಿದ್ದಾಗ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಬಣ್ಣ ಹೊಡೆಯುತ್ತಿದ್ದ ರಾಯಚೂರು ಕಡೆಯವನೊಬ್ಬ ಭಾನುವಾರಗಳಂದು ಬರುತ್ತಿದ್ದ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಡಿಸ್ಕನ್ನು ಅಂಚಿನಲ್ಲಷ್ಟೇ ಹಿಡಿಯುತ್ತಿದ್ದ. ಕೇಳುತ್ತಿದ್ದುದು ಒಂದೇ ಸಿನಿಮಾ, ಉಳಿದವರೆಲ್ಲ ಬೈದು ವಾಪಸು ಕೊಟ್ಟಿದ್ದು.

"ಆ ಡಬ್ಬಾ ಪಿಚ್ಚರ್ ಇನ್ನೆಷ್ಟು ಸಲ ನೋಡ್ತೀಯಾ ಗುರು?" ಎಂದು ರೇಗಿಸಿದರೆ, "ಪಿಚ್ಚರ್ ಯಾರ್ ನೋಡ್ತಾರ್ರಿ? ಮೇಕಿಂಗ್ ಅಷ್ಟ ಸಾಕ್ರಿ" ಎನ್ನುತ್ತಿದ್ದ. ಸಿನಿಮಾದ ಜೊತೆಗೆ ಡಿಸ್ಕಿನಲ್ಲಿರುತ್ತಿದ್ದ, ಚಿತ್ರೀಕರಣದ ಹಿಂದಿನ ಕೆಲಸ ತೋರಿಸುವ ತುಣುಕು ಅದು. ಯಾಕೆಂದು ನಾನು ಕೇಳಲಿಲ್ಲ.

ಆಮೇಲೆ ದುರಾಸೆಗೆ ಬಿದ್ದೆ. ಒಂದೇ ಡಿಸ್ಕಿಗೆ ಮೂರು ಸಿನಿಮಾ ತುಂಬಿ ಕಳ್ಳ ಪ್ರತಿ ಮಾಡಿದೆ. ಜಾಗ ಸಾಲದೆ ಮೇಕಿಂಗ್‌ಗಳನ್ನೆಲ್ಲ ಕತ್ತರಿಸಿದೆ. ಅಸಲಿ ಡಿಸ್ಕುಗಳು ಗುಜರಿಗೆ ಹೋದವು.

ಮುಂದಿನ ಭಾನುವಾರ ಅವನಿಗೆ ಆ ಪ್ರತಿಯನ್ನೇ ಕೊಟ್ಟೆ.

"ಮೇಕಿಂಗ್ ಐತಲ್ರಿ?"

"ಎಲ್ಲಾ ಐತೆ, ಹೋಗು" ಎಂದೆ, ಗೊತ್ತಿದ್ದೂ.

ಸಂಜೆಯೇ ಮರಳಿ ಬಂದ. "ಮೇಕಿಂಗ್ ಇಲ್ರಿ ಅಣ್ಣಾರ. ಅದ್ರಾಗ ನನ್ನ ಹೆಂಡ್ತಿ ಇದ್ಲು. ಸೆಟ್ಟಿನ ಮನಿ ಕಟ್ಟಾಕ ಕೂಲಿಗೆ ಹೋಗಿದ್ಲು. ಬುಟ್ಟಿ ಹೊತ್ಕೊಂಡು ಕ್ಯಾಮರಾ ನೋಡಿ ನಗ್ತಿದ್ಲು. ಈಗ ಆಕಿ ಇಲ್ರಿ, ತೀರ್ಕೊಂಡ್ಲು."

ಅವನ ಮುಖ ನೋಡಲಾಗಲಿಲ್ಲ. "ಸಿನಿಮಾದಲ್ಲೇ ಎಲ್ಲಾದ್ರೂ ಇರ್ಬೋದು, ನೋಡು" ಎಂದೆ.

"ಇವತ್ತ ಪೂರಾ ನೋಡಿದ್ನಿರಿ. ಆಕಿ ಕಟ್ಟಿದ ಮನಿ ಐತಿ. ಹೀರೋ ಅದಕ್ಕ ಬೆಂಕಿ ಹಚ್ತಾನ."

ಗುಜರಿ ಅಂಗಡಿ ಪಕ್ಕದ ಬೀದಿಯಲ್ಲೇ ಇತ್ತು. ಹೋಗಿ ಹುಡುಕಬಹುದಿತ್ತು. ನಾನು ಮುಂದಿನ ಗಿರಾಕಿಯ ಕಡೆ ತಿರುಗಿದೆ.