ಮಗ್ಗಿ ಹೇಳಿಸಿ ಓಡಿಸಿದ ಅಕ್ಕೋರು

ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಗಂಡಸರ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ಕೊರಳಲ್ಲಿ ತಾಳಿಯ ಜೊತೆ ಸೀಟಿಯನ್ನೂ ನೇತಾಡಿಸಿಕೊಂಡು ನಮಗೆ ಡ್ರಿಲ್ ಕಲಿಸುವ ಅಕ್ಕೋರು ಸೈಕಲ್ ಹತ್ತಿದರೆಂದರೆ, ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವವರು ಲೋಟ ಹಿಡಿದೇ ನಿಂತುಬಿಡುತ್ತಿದ್ದರು. "ನೋಡ್ಲಿ ಬಿಡು. ಕಣ್ಣು ಅವರವು, ಕಾಲು ನಮ್ಮವು" ಎಂದು ಅಕ್ಕೋರು ಪೆಡಲ್ ತುಳಿದು ಹೋಗುತ್ತಿದ್ದರು.

ತೊಂಬತ್ತರ ದಶಕ. ಕಾಲೇಜಿನ ಹುಡುಗಿಯಾಗಿದ್ದ ನನಗೆ ಬೆಂಗಳೂರಿನಲ್ಲಿ ಮ್ಯಾರಥಾನ್ ಓಡುವ ಹುಚ್ಚು ಹತ್ತಿಸಿದವರು ಇವರೇ. ನಲವತ್ತೆರಡು ಕಿಲೋಮೀಟರು! ಬಟ್ಟೆ ಅಂಗಡಿಯ ನಮ್ಮಪ್ಪನಿಗೆ ಕೇಳಿಯೇ ಬೆವರು ಬಂತು. ಅದಕ್ಕೂ ಮುಂಚೆ ಮೈ ಹದಕ್ಕೆ ಬಂದಿದೆಯೋ ಇಲ್ಲವೋ ನೋಡಲು ಹರಪನಹಳ್ಳಿಯಲ್ಲಿ ಐದು ಹೋಗಿ ಐದು ತಿರುಗಿ ಬರುವ ಹತ್ತು ಕಿಲೋಮೀಟರಿನ ಸಣ್ಣ ಓಟಕ್ಕೆ ಅಕ್ಕೋರು ನನ್ನ ಹೆಸರು ಕೊಟ್ಟರು. ಅಪ್ಪ ಅದನ್ನೇ ಹಿಡಿದುಕೊಂಡ. "ಅಲ್ಲಿ ಮೊದಲು ಬಂದ್ರ ಬೆಂಗಳೂರು. ಇಲ್ಲಾಂದ್ರ ಶೂ ಬಿಚ್ಚಿಟ್ಟು ಮನ್ಯಾಗ ಕುಂದ್ರು."

ಅಕ್ಕೋರ ಲೆಕ್ಕವೇ ಬೇರೆ. ಮೊದಲ ಅರ್ಧ ದಾರಿ ಹದಿನೇಳರ ಮಗ್ಗಿ ಹೇಳುತ್ತಾ ಓಡಬೇಕು. ಒಂದು ಸಾಲು ಒಂದೇ ಉಸಿರಿಗೆ ಬರದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. "ಇದು ಗೆಲ್ಲೋ ಓಟ ಅಲ್ಲಬೇ, ಕಲಿಯೋ ಓಟ. ಉಸಿರು ಉಳಿಸ್ಕೋ" ಎಂದರು. ಅಯ್ಯ ಶಿವನೆ, ಉಸಿರು ಉಳಿಸಿಕೊಂಡರೆ ಅಪ್ಪ ಬಿಡುತ್ತಾನೆಯೇ? ಇವರ ಮಾತು ಕೇಳಲೋ, ಅವನದೋ?

ಸೀಟಿ ಊದಿದರು. ಹುಡುಗಿಯರೆಲ್ಲ ಮೈಗೆ ಬೆಂಕಿ ಹತ್ತಿದವರಂತೆ ಓಡಿದರು. ನಾನು ಹಿಂದೆ, ನನ್ನ ಪಕ್ಕದಲ್ಲಿ ಸೈಕಲ್ ಮೇಲೆ ಅಕ್ಕೋರು. "ಹದಿನೇಳ ಮೂರ್ಲಿ?" "ಐವತ್ತೊಂದ್ರೀ!" ನೋಡಿದವರು ನಗುತ್ತಿದ್ದರು, ನನಗೆ ಅಳು ಬರುತ್ತಿತ್ತು.

ಕೊಟ್ಟೂರಿನ ದಾರಿಯಲ್ಲಿ ಒಂದು ಹಳ್ಳಿಯ ಹೆಂಗಸರು ಕೊಡಗಟ್ಟಲೆ ಬೆಲ್ಲದ ಪಾನಕ, ಮಜ್ಜಿಗೆ ಇಟ್ಟುಕೊಂಡು ನಿಂತಿದ್ದರು. ಆ ದಾರಿಯಲ್ಲಿ ಕೊಟ್ಟೂರಿನ ಜಾತ್ರೆಗೆ ಪಾದಯಾತ್ರೆ ಹೋಗುವವರನ್ನು ಉಪಚರಿಸಿ ರೂಢಿ. ನಾವೂ ಕೊಟ್ಟೂರಿಗೇ ಹೊರಟ ಭಕ್ತರೆಂದು ತಿಳಿದಿದ್ದರು ಪಾಪ. ಗಂಟಲು ಒಣಗಿಸಿಕೊಂಡು ಮುಂದೆ ಹೋದವರೆಲ್ಲ ಚೊಂಬುಗಟ್ಟಲೆ ಇಳಿಸಿದರು. ನನಗೆ ಬಾಯಾರಿಕೆಯೇ ಇರಲಿಲ್ಲ. ಒಬ್ಬ ಮುದುಕಿ ಅಡ್ಡ ಬಂದಳು. "ಯವ್ವಾ, ಕುಡೀದ ಹೋಗಬ್ಯಾಡ, ನಮಗ ಒಳ್ಳೇದಲ್ಲ!" ಅಕ್ಕೋರು ಥಟ್ಟನೆ ಸೈಕಲ್ ಇಳಿದರು. "ಆಕಿ ಪಾಲಿಂದು ನನಗ ಹಾಕು ತಾಯಿ" ಎಂದು ಎರಡು ಚೊಂಬು ಗಟಗಟ ಕುಡಿದರು. ಕುಡಿಯುತ್ತಲೇ ನನಗೆ ಕೈಸನ್ನೆ ಮಾಡಿದರು, ಓಡು, ಓಡು!

ತಿರುಗಿ ಬರುವಾಗ ಮಗ್ಗಿ ಬಿಟ್ಟು ಓಡಿದೆ. ಹೊಟ್ಟೆ ತುಂಬ ಪಾನಕ ಕುಡಿದು ಪಕ್ಕೆ ಹಿಡಿದುಕೊಂಡು ಕೂತವರನ್ನು ಒಬ್ಬೊಬ್ಬರನ್ನೇ ದಾಟಿದೆ. ಆದರೂ ಇಬ್ಬರು ಸಿಗಲಿಲ್ಲ. ಮೂರನೆಯವಳಾದೆ.

ಓಟ ಮುಗಿಯುವ ಗೆರೆಯ ಹತ್ತಿರವೇ ಅಪ್ಪ ನಿಂತಿದ್ದ. "ಮಾತು ಮಾತೇ. ನಡಿ ಮನಿಗೆ."

ಹಿಂದಿನಿಂದ ಬಂದ ಅಕ್ಕೋರು ಸೈಕಲ್ಲನ್ನು ನಮ್ಮಿಬ್ಬರ ನಡುವೆ ಅಡ್ಡ ನಿಲ್ಲಿಸಿದರು. "ಸಾವ್ಕಾರ್ರ, ಮುಂದ ಬಂದೋರು ಇಬ್ರೂ ಬೇವಿನ ಗಿಡದ ಬುಡಕ ಮಲಗ್ಯಾರ, ನೋಡ್ರಿ. ಈಕಿ ನಿಂತಾಳ. ಇಲ್ಲಿಂದ ಕೊಟ್ಟೂರಿಗೆ ಓಡ್ಕೊಂಡ ಬರ್ತಾಳ, ನೀವು ಬಸ್ಸಿಗೆ ಬರ್ರಿ. ನಡುವ ಕುಂತ್ರ ಈಕಿ ಶೂ ನಾನ ಬಿಚ್ಚಿಸ್ತೀನಿ."

ಅಪ್ಪ ನನ್ನನ್ನು ನೋಡಿದ. ನಾನು ಆಗಲೇ ಬಗ್ಗಿ ಲೇಸ್ ಬಿಗಿಯುತ್ತಿದ್ದೆ.

"ಬ್ಯಾಡ ಬಿಡ್ರಿ ಅಕ್ಕೋರ," ಎಂದ, "ಓಡೇ ಬಿಟ್ಟಾಳು ಹುಚ್ಚಿ. ಬೆಂಗಳೂರಿಗೆ ನೀವೂ ಜೊತಿಗೆ ಹೋಗ್ರಿ."

ಅವನು ಅತ್ತ ಹೋದ ಮೇಲೆ ಅಕ್ಕೋರು ಸೈಕಲ್ ತಿರುಗಿಸಿಕೊಂಡರು. "ನಾನು ಹುಡುಗಿದ್ದಾಗ ನಮ್ಮಪ್ಪನ ಮುಂದ ಹಿಂಗ ಮಾತಾಡೋರು ಯಾರೂ ಇದ್ದಿಲ್ಲ ನೋಡು" ಎಂದರು. ಅಷ್ಟೇ. ಮತ್ತೆಂದೂ ಆ ವಿಷಯ ಎತ್ತಲಿಲ್ಲ.

ಬೆಂಗಳೂರಿನಲ್ಲಿ ಪೂರ್ತಿ ಓಡಿದೆ. ಆಮೇಲೂ ಎಷ್ಟೋ ಊರುಗಳಲ್ಲಿ ಓಡಿದೆ. ಆ ಓಟದಿಂದಲೇ ನನಗೆ ಕೆಲಸ ಸಿಕ್ಕಿತು. ಕೆಲವು ವರ್ಷಗಳ ನಂತರ ಅಕ್ಕೋರು ಜ್ವರವೆಂದು ಮಲಗಿದವರು ಏಳಲಿಲ್ಲ. ಅಂದು ಅಪ್ಪ ಅಂಗಡಿಗೆ ಬೀಗ ಹಾಕಿ ನನಗಿಂತ ಮುಂಚೆ ಅವರ ಮನೆಗೆ ಹೋಗಿದ್ದ. ಮಣ್ಣು ಮುಗಿಸಿಕೊಂಡು ಬರುವಾಗ ಮನೆ ಹತ್ತಿರ ನಿಂತುಬಿಟ್ಟ.

"ಆ ತಾಯಿ ಆವತ್ತು ಅಡ್ಡ ನಿಲ್ಲದಿದ್ರ, ನಿನ್ನ ಓಟ ನನ್ನ ಕೈಯಾರ ನಾನ ಕೊಲ್ಲತಿದ್ನೆವ್ವಾ" ಎಂದು ಅತ್ತ.