ಚಾಚಾ ಕೊಟ್ಟ ನೀಲಿ ರಟ್ಟು

ಸರ್ರ್... ಎಂದು ದಾರ ಎಳೆಯುವ ಸದ್ದು. ಹೋದ ವಾರ ಸೊರಬದ ನಮ್ಮ ಮನೆಯ ಎದುರು ಯಾರೋ ಮೆಕ್ಕೆಜೋಳದ ಚೀಲಗಳ ಬಾಯಿ ಹೊಲಿಯುತ್ತಿದ್ದರು. ದಬ್ಬಣ ಗೋಣಿಯೊಳಗೆ ತೂರಿ ಹೊರಬಂದಾಗಲೆಲ್ಲ ಅದರ ಹಿಂದೆಯೇ ಆ ಸದ್ದು. ಕೈಯಲ್ಲಿದ್ದ ಕಾಫಿ ಆರುವವರೆಗೂ ಕಿಟಕಿಯ ಬಳಿ ನಿಂತೇ ಇದ್ದೆ. ಸದ್ದಿನ ಬೆನ್ನಿಗೇ ಇಲ್ಲದ ವಾಸನೆಯೊಂದು ಬಂತು: ಬೈಂಡಿಂಗ್‌ಗೆಂದು ಮೈಲುತುತ್ತ ಹಾಕಿ ಕುದಿಸಿದ ಮೈದಾ ಅಂಟಿನದು.

ನಾನು ಯೂನಿವರ್ಸಿಟಿಯಲ್ಲಿ ಲೈಬ್ರರಿಯನ್ ಆಗಿದ್ದಾಗ ಪ್ರತಿ ಬೇಸಿಗೆ ರಜೆಗೆ ಶಿಕಾರಿಪುರದಿಂದ ಒಬ್ಬರು ಬೈಂಡರ್ ಬರುತ್ತಿದ್ದರು. ಎಲ್ಲರಿಗೂ ಅವರು ಚಾಚಾ. ವರ್ಷವಿಡೀ ಬಿಡಿಬಿಡಿಯಾಗಿ ಬಂದ ಜರ್ನಲ್‌ಗಳನ್ನು ವರ್ಷಕ್ಕೊಂದು ಸಂಪುಟವಾಗಿ ಹೊಲಿಯುವುದು ಅವರ ಕೆಲಸ. ಹಿಂದಿನ ವೆರಾಂಡದಲ್ಲಿ ಚಾಪೆ ಹಾಸಿ, ದಾರಕ್ಕೆ ಮೇಣ ಉಜ್ಜಿಕೊಂಡು ಕೂತರೆ ಊಟದ ಹೊತ್ತನ್ನು ನಾವೇ ನೆನಪಿಸಬೇಕು. ರಟ್ಟಿನ ಮೇಲೆ ಅಂಟಿಸಲು ಇತಿಹಾಸಕ್ಕೆ ನೀಲಿ ಕ್ಯಾಲಿಕೊ ಬಟ್ಟೆ, ವಿಜ್ಞಾನಕ್ಕೆ ಕೆಂಪು. ಇಂಗ್ಲಿಷ್ ಓದಲು ಬಾರದಿದ್ದರೂ ಪುಟದ ಅಂಕಿಗಳನ್ನು ನೋಡಿಯೇ ಯಾವ ಸಂಚಿಕೆ ಕಾಣೆಯಾಗಿದೆಯೆಂದು ನನಗಿಂತ ಮೊದಲು ಹೇಳುತ್ತಿದ್ದರು. ಒಮ್ಮೆ ಯಾರೋ ಪ್ರೊಫೆಸರ್ ಬ್ಲೇಡಿನಿಂದ ಪುಟ ಕತ್ತರಿಸಿಕೊಂಡು ಹೋದದ್ದನ್ನು ತೋರಿಸಿ, "ಭಾಳ ಓದಿದೋರು ಹಾಳೆ ಹರೀತಾರೆ, ಓದದ ನಾನು ಹೊಲಿತೀನಿ. ಇಬ್ರದೂ ಹೊಟ್ಟೆ ತುಂಬ್ತೈತಿ ಬಿಡ್ರಿ ಮೇಡಮ್ಮೋರೆ" ಎಂದಿದ್ದರು.

ನಾನು ಓದಿದ ಕಾನ್ವೆಂಟ್‌ನಲ್ಲಿ ಪುಸ್ತಕ ಮುಟ್ಟುವ ಮೊದಲು ಸಿಸ್ಟರ್‌ಗೆ ಎರಡೂ ಕೈ ತೋರಿಸಬೇಕಿತ್ತು. ಹಾಗೆ ಕೈ ತೊಳೆದೇ ಪುಸ್ತಕ ಮುಟ್ಟುವ ಇನ್ನೊಬ್ಬರನ್ನು ನನ್ನ ಇಡೀ ಸರ್ವಿಸಿನಲ್ಲಿ ಕಂಡಿದ್ದರೆ ಅದು ಚಾಚಾ ಒಬ್ಬರನ್ನೇ.

ಆಮೇಲೆ ಇ-ಜರ್ನಲ್ ಬಂತು. ಹೊಸ ಸಂಚಿಕೆಗಳ ಜೊತೆಗೆ ಹಳೆಯ ವರ್ಷಗಳೂ ಸ್ಕ್ರೀನ್ ಮೇಲೆ ತೆರೆದುಕೊಂಡವು. ನನಗೆ ಎಂಥ ಹೆಮ್ಮೆ, ಐ ಮಸ್ಟ್ ಅಡ್ಮಿಟ್. ರೀಡಿಂಗ್ ರೂಮಿಗೆ ಜಾಗ ಬೇಕು, ಬೈಂಡ್ ಆದ ಸಂಪುಟಗಳನ್ನು ತೆಗೆಯಬಹುದು ಎಂದು ಕಮಿಟಿ ತೀರ್ಮಾನಿಸಿತು. ಪಟ್ಟಿ ಮಾಡಿ ಸಹಿ ಹಾಕಿದವಳು ನಾನು.

ಆ ಬೇಸಿಗೆಯೂ ಚಾಚಾ ಎಂದಿನಂತೆ ಚಾಪೆ ಕಟ್ಟಿಕೊಂಡು ಬಂದರು. ಇನ್ನು ಬೈಂಡಿಂಗ್ ಇಲ್ಲವೆಂದು ವೆರಾಂಡದಲ್ಲಿ ನಿಂತೇ ಹೇಳಿದೆ. ಕೂರಿಸಿ ಹೇಳಬಹುದಿತ್ತು... ತಮ್ಮ ಕೆಲಸದ ಬಗ್ಗೆ ಅವರು ಒಂದು ಮಾತೂ ಎತ್ತಲಿಲ್ಲ. ಕೇಳಿದ್ದು ಬೇರೆಯೇ.

"ಮುಂದೆ ಚಂದಾ ನಿಲ್ಲಿಸಿದ್ರೆ ಹಳೇವು ನಮ್ಮತ್ರ ಉಳೀತಾವೇನ್ರಿ? ಪೇಪರ್ ಬಿಡಿಸಿದ್ರೆ ಪೇಪರ್‌ನೋನು ಮನೆಗೆ ಬಂದು ಹಳೇ ಪೇಪರ್ ಹೊತ್ಕೊಂಡು ಹೋಗಲ್ಲ, ನೋಡ್ರಿ."

ನಾನು ನಕ್ಕೆ. "ಹಂಗೆಲ್ಲ ಮಾಡಲ್ಲ ಚಾಚಾ. ದೊಡ್ಡ ರೆಪ್ಯುಟೆಡ್ ಕಂಪನಿ" ಎಂದೆ. ಒಪ್ಪಂದದ ಕೊನೆಯ ಪುಟಗಳನ್ನು ನಾನು ಓದಿರಲಿಲ್ಲ.

ಹಾಗಾದರೆ ತೆಗೆಯುವುದರಲ್ಲಿ ನೀಲಿ ಸಂಪುಟಗಳನ್ನಾದರೂ ತಮಗೆ ಕೊಡಿ ಎಂದರು. ರೂಲ್ಸ್ ಇಲ್ಲ, ಟೆಂಡರ್ ಆಗಿದೆ, ಗುಜರಿಯವರಿಗೇ ಹೋಗಬೇಕು ಎಂದೆ. ಕಾನ್ವೆಂಟ್‌ನಲ್ಲಿ ಬೆಳೆದವಳಿಗೆ ರೂಲ್ಸ್ ಎಂದರೆ ಪ್ರೇಯರ್ ಇದ್ದ ಹಾಗೆ.

ಚಂದಾ ವರ್ಷದಿಂದ ವರ್ಷಕ್ಕೆ ಏರಿತು, ನಮ್ಮ ಬಜೆಟ್ ಏರಲಿಲ್ಲ. ಬೇಕಾದ ಒಂದು ಜರ್ನಲ್‌ಗಾಗಿ ಬೇಡದವುಗಳ ಕಂತೆಯನ್ನೇ ಕೊಳ್ಳಬೇಕಿತ್ತು. ಮೊದಲು ಕನ್ನಡ ಪುಸ್ತಕಗಳ ಖರೀದಿ ಕಡಿಮೆ ಮಾಡಿದೆವು, ಆಮೇಲೆ ಪತ್ರಿಕೆಗಳನ್ನು ಬಿಡಿಸಿದೆವು. ಕೊನೆಗೆ, ನನ್ನ ರಿಟೈರ್‌ಮೆಂಟಿನ ವರ್ಷ, ಆ ಕಂತೆಯನ್ನೇ ಕೈಬಿಟ್ಟೆವು. ಮರುದಿನ ಕಂಪ್ಯೂಟರ್ ತೆರೆದರೆ ಹೊಸವಕ್ಕಷ್ಟೇ ಅಲ್ಲ, ಹಳೆಯ ವರ್ಷಗಳಿಗೂ ಬೀಗ ಬಿದ್ದಿತ್ತು.

ಅದೇ ವಾರ ಬಂದಳಿಕೆ ಕಡೆಯ ಒಬ್ಬ ರಿಸರ್ಚ್ ಹುಡುಗಿ ನನ್ನ ಟೇಬಲಿನ ಮುಂದೆ ನಿಂತಳು. ತನ್ನೂರಿನ ಶಾಸನವೊಂದರ ಬಗ್ಗೆ ಬರೆಯುತ್ತಿದ್ದಳು. ಕಲ್ಲಿನ ಕೊನೆಯ ಸಾಲುಗಳು ಈಗ ಸವೆದುಹೋಗಿವೆ. ಅವು ಸ್ಪಷ್ಟವಿದ್ದಾಗ ತೆಗೆದ ಪಡಿಯಚ್ಚು ಒಂದು ಹಳೆಯ ಜರ್ನಲ್‌ನಲ್ಲಿ ಅಚ್ಚಾಗಿತ್ತು. "ನಮ್ಮ ಲೈಬ್ರರೀಲೇ ಇತ್ತಂತಲ್ಲ ಮೇಡಂ?" ಎಂದಳು. ಇತ್ತು. ನೀಲಿ ಸಂಪುಟ. ಬೇರೆ ಎರಡು ಲೈಬ್ರರಿಗಳಿಗೆ ಬರೆದು ಕೇಳಿದೆ. ಅವರೂ ನಮ್ಮ ಹಾಗೆಯೇ ಕಪಾಟು ಖಾಲಿ ಮಾಡಿಕೊಂಡಿದ್ದರು.

ಆಗ ಚಾಚಾ ನೆನಪಾದರು. ಗುಜರಿಯವರ ಹತ್ತಿರ ಹೋಗಿ ನೀಲಿಯವನ್ನು ಉಳಿಸಿಕೊಂಡಿರಬಹುದೇ... ಭಾನುವಾರ ಶಿಕಾರಿಪುರದ ಬಸ್ಸು ಹತ್ತಿದೆ.

ಅವರ ಕಣ್ಣಿಗೆ ಪೊರೆ ಬಂದಿತ್ತು. ಧ್ವನಿಯಿಂದಲೇ ಗುರುತು ಹಿಡಿದು ಸೊಸೆಗೆ ಚಹಾ ಇಡಲು ಹೇಳಿದರು. ಹುಡುಗಿಯ ವಿಷಯ ಹೇಳಿ, ಇಂಥ ವರ್ಷದ್ದು ಬೇಕಿತ್ತು ಎಂದೆ. ಎದ್ದು ಗೋಡೆಯ ಗೂಡಿನಿಂದ ಒಂದು ಕಟ್ಟು ಇಳಿಸಿದರು. ನೀಲಿ ಕಂಡದ್ದೇ ನಾನು ಕೈ ಚಾಚಿದೆ. ಆದರೆ ಅವು ರಟ್ಟುಗಳು, ಬರೀ ರಟ್ಟುಗಳು. ಕಾಗದದ ಮಿಲ್ಲಿಗೆ ಬಟ್ಟೆ ಅಂಟಿದ ರಟ್ಟು ಬೇಡವಂತೆ. ಗುಜರಿಯವರು ಕಿತ್ತು ಎಸೆದದ್ದನ್ನು ಇವರು ಆರಿಸಿ ತಂದಿದ್ದರು. ಬೆನ್ನಿನ ಮೇಲಿನ ಬಂಗಾರದ ಅಂಕಿಗಳನ್ನು ಬೆರಳಿನಿಂದ ಸವರುತ್ತ, ನಾನು ಹೇಳಿದ ವರ್ಷದ್ದನ್ನೇ ಹುಡುಕಿ ನನ್ನ ಕೈಗಿಟ್ಟರು.

"ಒಳಗಿಂದು ಸಿಗ್ಲಿಲ್ರಿ ಮೇಡಮ್ಮೋರೆ. ಇರ್ಲಿ, ಕಂಪ್ಯೂಟರ್‌ನಾಗೆ ಐತಲ್ರಿ. ಅದನ್ನ ಹಾಳೆ ಮ್ಯಾಲೆ ತೆಗೆಸ್ಕೊಂಡು ಬರ್ರಿ. ಕಣ್ಣು ಕಾಣದಿದ್ರೂ ಕೈಗೆ ಗೊತ್ತೈತಿ, ಹೊಲ್ದು ಕೊಡ್ತೀನಿ."

ಅದಕ್ಕೂ ಬೀಗ ಬಿದ್ದಿದೆ, ಅಂದು ನೀವು ಕೇಳಿದ್ದೇ ನಿಜವಾಯಿತು ಎಂದು ಹೇಳಬೇಕಿತ್ತು. "ತರ್ತೀನಿ ಚಾಚಾ" ಎಂದುಬಿಟ್ಟೆ.

ಆ ಹುಡುಗಿ ತನ್ನ ಥೀಸಿಸ್‌ನಲ್ಲಿ ಆ ಸಾಲುಗಳ ಜಾಗಕ್ಕೆ ಚುಕ್ಕಿಗಳನ್ನಿಟ್ಟಳು. ನಾನು ಆ ಓಣಿಗೆ ಮತ್ತೆ ಹೋಗಲಿಲ್ಲ. ಚಾಚಾ ತೀರಿಹೋದ ಸುದ್ದಿ ಬಂದದ್ದೂ ಎಷ್ಟೋ ತಿಂಗಳ ಮೇಲೆ. ನೀಲಿ ರಟ್ಟು ಈಗಲೂ ನನ್ನ ಮೇಜಿನ ಮೇಲಿದೆ. ತೆರೆದರೆ ಒಳಗೆ ಒಣಗಿದ ಅಂಟು, ನಾಲ್ಕು ಎಳೆ ದಾರ, ಅಷ್ಟೆ. ಇನ್ನು ಅದರೊಳಗೆ ಸೇರುವಂಥದ್ದೇನೂ ಇಲ್ಲ.

ಅಂದು ಓಣಿಯ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದ್ದೆ. ಹೊಸ್ತಿಲ ಮೇಲೆ ಕೂತು, ನಾನು ನಾಳೆಯೇ ಬರುವವಳೆಂಬಂತೆ, ಅವರು ಆಗಲೇ ದಾರಕ್ಕೆ ಮೇಣ ಉಜ್ಜತೊಡಗಿದ್ದರು.